ಮುರುಗಲಿನ ಕೆಂಪು

ಲೋಟದ ತಳಕ್ಕೆ ಎರಡು ಚಮಚ ಮುರುಗಲು ಪಾಕ ಹಾಕಿದಾಗ ಅದು ಹೆಚ್ಚುಕಮ್ಮಿ ಕಪ್ಪೇ. ಮಡಕೆಯ ತಣ್ಣೀರು ಸುರಿದದ್ದೇ ತಡ, ಕಪ್ಪು ಬಿಚ್ಚಿಕೊಂಡು ಓಕುಳಿಯ ಕೆಂಪಾಗುತ್ತದೆ, ಅಂಚಿನಲ್ಲಿ ಒಂದಿಷ್ಟು ನೇರಳೆ. ಕುಡಿಯುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡದೆ ನನಗೆ ಬೇಸಿಗೆ ಶುರುವಾಗುವುದಿಲ್ಲ.

ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಗೋವಾ–ರತ್ನಾಗಿರಿ ಕಡೆ ಕೋಕಂ. ಪಶ್ಚಿಮ ಘಟ್ಟದ ಈ ಮರ ಮ್ಯಾಂಗೋಸ್ಟೀನಿನ ಬಳಗದ್ದು. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿ ಯಾವುದೆಂದು ತಿಳಿಯಲು ಅದು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಸೊಪ್ಪಿನ ಬೆಟ್ಟದಲ್ಲಿ ತಾನಾಗಿ ಹುಟ್ಟಿ ಹಣ್ಣು ಬಿಟ್ಟ ಮರದ ಗುರುತು ಮನೆಮಂದಿಗೆಲ್ಲ ಇರುತ್ತದೆ.

ಹುಳಿಗಳಲ್ಲಿ ನನಗೆ ಇದೇ ಮೇಲು. ನಿಂಬೆ ನಾಲಿಗೆಯನ್ನು ಚುಚ್ಚಿ ಓಡಿಹೋಗುತ್ತದೆ. ಹುಣಸೆ ಮಂದವಾಗಿ ಕೂತುಬಿಡುತ್ತದೆ. ಮುರುಗಲು ದವಡೆಯ ಮೂಲೆಯಲ್ಲಿ ಎದ್ದು, ಮೆಲ್ಲಗೆ ಬಾಯಿಗೆಲ್ಲ ಹರಡಿ, ಕೊನೆಗೆ ತೆಳುವಾದ ಒಗರೊಂದನ್ನು ಉಳಿಸುತ್ತದೆ. ಸಕ್ಕರೆ ಜಾಸ್ತಿಯಾದರೆ ಮೊದಲು ಕಳೆದುಹೋಗುವುದು ಆ ಒಗರೇ. ಪೇಟೆಯ ಬಾಟಲಿಗಳಲ್ಲಿ ನನಗದು ಸಿಕ್ಕಿದ್ದು ಅಪರೂಪ. ಮನೆಯಲ್ಲಾದರೆ ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ, ಭರಣಿಯಲ್ಲಿ ಒತ್ತಿ ಬಿಸಿಲಿಗಿಡುತ್ತೇವೆ. ಬೆಂಕಿ ಬೇಡ, ನೀರು ಬೇಡ. ಸಕ್ಕರೆಯೇ ರಸವನ್ನು ಎಳೆದುಕೊಳ್ಳುತ್ತದೆ. ಕುಡಿಯುವಾಗ ಚಿಟಿಕೆ ಉಪ್ಪು, ಹುರಿದು ಕುಟ್ಟಿದ ಜೀರಿಗೆ.

ಹಣ್ಣಾಗುವುದು ಏಪ್ರಿಲ್–ಮೇಯಲ್ಲಿ. ಜೂನಿಗೆ ಮಳೆ ಬಾಗಿಲಲ್ಲೇ ಇರುತ್ತದೆ. ಮೋಡ ಕಂಡೊಡನೆ ಅಂಗಳದ ಚಾಪೆ ಎತ್ತಿಕೊಂಡು ಓಡಬೇಕು, ನೆನೆದ ಸಿಪ್ಪೆಗೆ ಬೂಷ್ಟು ಬರುತ್ತದೆ. ಹಾಗೆ ಉಳಿಸಿಕೊಂಡ ಒಣಸಿಪ್ಪೆಯ ಸಾರನ್ನು ಮಳೆಗಾಲದ ರಾತ್ರಿಯಲ್ಲೇ ಉಣ್ಣಬೇಕು: ಬೆಲ್ಲ, ಹಸಿಮೆಣಸು, ಇಂಗಿನ ಒಗ್ಗರಣೆ. ಬೇಳೆ ಹಾಕಬಾರದು, ಬಣ್ಣ ಮಂಕಾಗುತ್ತದೆ. ಕೊಂಕಣ ಕರಾವಳಿಯವರು ಇದೇ ರಸಕ್ಕೆ ತೆಂಗಿನ ಹಾಲು ಬೆರೆಸಿ ನಸುಗೆಂಪಿನ ಸೋಲ್‌ಕಡಿ ಮಾಡುತ್ತಾರೆ. ಅದು ಇನ್ನೂ ಸೌಮ್ಯ.

ಈ ಕೆಂಪು ಆಂಥೋಸಯಾನಿನ್ನಿನದು. ಹುಳಿ ಇರುವಷ್ಟು ಹೊತ್ತು ಕೆಂಪು. ಬಟ್ಟೆಯ ಮೇಲಿನ ಕಲೆಗೆ ಸೋಪು ತಾಗಿದರೆ ನೀಲಿಗೆ ತಿರುಗುತ್ತದೆ. ಹುಳಿ ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು. ಮುರುಗಲಿನ ದಾಯಾದಿಯಾದ ಉಪ್ಪಾಗೆಯಿಂದ ಇದೇ ಆಮ್ಲ ತೆಗೆದು, ಮೈ ಇಳಿಸುವ ಮಾತ್ರೆಯೆಂದು ದೇಶದೇಶಗಳಲ್ಲಿ ಮಾರಿದರು. ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ನಡೆದ ಪರೀಕ್ಷೆಯ ಫಲಿತಾಂಶ 1998ರಲ್ಲಿ ಪ್ರಕಟವಾಯಿತು: ಹುಸಿಮಾತ್ರೆ ನುಂಗಿದವರಿಗಿಂತ ಆಮ್ಲದ ಮಾತ್ರೆ ನುಂಗಿದವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ನನಗೆ ಬೇಸರವಾಗಲಿಲ್ಲ. ಉರಿಬಿಸಿಲಲ್ಲಿ ತೋಟದಿಂದ ಬಂದವರು ಒಂದು ಲೋಟ ಮುಗಿಸಿ, ಇನ್ನೊಂದಕ್ಕೆ ಕೈ ಚಾಚುವುದನ್ನು ನಾನು ನೋಡಿದ್ದೇನೆ.

ಬೀಜವನ್ನೂ ಎಸೆಯುವುದಿಲ್ಲ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಆರಿ ಹೆಪ್ಪುಗಟ್ಟಿದರೆ ಅದೇ ಮುರುಗಲು ತುಪ್ಪ. ಕರಗಲು 40 ಡಿಗ್ರಿಯ ಆಸುಪಾಸು ಬಿಸಿ ಬೇಕು, ಹಾಗಾಗಿ ಬೇಸಿಗೆಯಲ್ಲೂ ಗಟ್ಟಿ ಉಂಡೆಯಾಗಿಯೇ ಇರುತ್ತದೆ. ಚಳಿಗೆ ನಮ್ಮ ಹಿಮ್ಮಡಿ ಒಡೆದಾಗ ಅಮ್ಮ ಮಾಡಿನ ಡಬ್ಬಿಯಿಂದ ಆ ಉಂಡೆ ತೆಗೆದು, ಒಲೆಯ ಬಿಸಿಗೆ ಹಿಡಿದು, ಕರಗಿದ್ದನ್ನು ಬಿರುಕಿನೊಳಗೆ ಇಳಿಯುವಂತೆ ತಿಕ್ಕುತ್ತಿದ್ದಳು. ಮೊದಲು ಚುರುಕ್ಕೆನ್ನುತ್ತಿತ್ತು. ಆಮೇಲೆ ನಿದ್ದೆ ಬರುತ್ತಿತ್ತು.