ಹೆಗಲಿಗೆ ಬಲ ಕಲಿಸುವ ವಿದ್ಯೆ

ಚಿಕ್ಕನರಗುಂದದ ಎರೆಹೊಲಗಳಲ್ಲಿ ವರ್ಷಗಟ್ಟಲೆ ಹೊರೆ ಎತ್ತಿದವರ ಹೆಗಲಿನ ಸ್ನಾಯುರಜ್ಜು ಹರಿದಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡರೆ, ಆಪರೇಷನ್ ಒಂದೇ ದಾರಿ ಎನಿಸುವುದು ಸಹಜ. ಆದರೆ ಅಮೆರಿಕದ ಮೂನ್ ಎಂಬ ಸಂಶೋಧಕರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ಪೆಟ್ಟು ಬೀಳದೆ ರಜ್ಜು ಪೂರ್ತಿ ಹರಿದಿದ್ದ 452 ಜನರಿಗೆ ವ್ಯಾಯಾಮ ಕಲಿಸಲಾಯಿತು; ಎರಡು ವರ್ಷಗಳಲ್ಲಿ ಆಪರೇಷನ್ ಮಾಡಿಸಿಕೊಂಡವರು ಕಾಲು ಭಾಗ ಮೀರಲಿಲ್ಲ. ಹರಿದದ್ದು ಕೂಡಿಕೊಂಡಿತೆಂದಲ್ಲ. ಉಳಿದ ರಜ್ಜುಗಳು, ಭುಜದ ಮೇಲಿನ ದಪ್ಪ ಸ್ನಾಯು, ಬೆನ್ನಿನ ಹಲಗೆಯೆಲುಬನ್ನು ಹಿಡಿದ ಸ್ನಾಯುಗಳು ಭಾರ ಹಂಚಿಕೊಳ್ಳಲು ಕಲಿಯುತ್ತವೆ. ಮೊದಲು ಬಾಗಿ ನಿಂತು ಕೈಯನ್ನು ಸಡಿಲವಾಗಿ ತೂಗುವುದು, ಆಮೇಲೆ ಮಲಗಿ ಇನ್ನೊಂದು ಕೈಯ ಆಸರೆಯಲ್ಲಿ ಎತ್ತುವುದು, ಕೊನೆಗೆ ರಬ್ಬರ್ ಪಟ್ಟಿ ಎಳೆಯುವುದು: ನೋವಿನ ಅಳತೆ ಅರಿತು ಏರುವ ಈ ಕ್ರಮದಲ್ಲೇ ಫಿಸಿಯೋಥೆರಪಿಯ ಜಾಣ್ಮೆಯಿದೆ.

ರಜ್ಜು ಮುಂದೆ ಇನ್ನಷ್ಟು ಹರಿದರೆ ಎಂಬ ಆಕ್ಷೇಪ ನಿಜವಾದದ್ದು. ನಾರ್ವೆಯಲ್ಲಿ ರಜ್ಜು ಹರಿದಿದ್ದ 103 ಜನರನ್ನು ಹತ್ತು ವರ್ಷ ಗಮನಿಸಿದಾಗ ಆಪರೇಷನ್‌ನಲ್ಲಿ ಹೊಲಿಗೆ ಹಾಕಿಸಿಕೊಂಡವರ ಸ್ಥಿತಿಯೇ ಮೇಲಾಗಿತ್ತು. ಬಿದ್ದು ಪೆಟ್ಟಾಗಿ ಕೈ ಏಳದಂತಾದವರಂತೂ ತಡಮಾಡದೆ ಮೂಳೆ ವೈದ್ಯರನ್ನು ಕಾಣಲೇಬೇಕು. ಹಾಗೆಂದು ವ್ಯಾಯಾಮದ ಬೆಲೆ ಕುಗ್ಗುವುದಿಲ್ಲ. ಹೊಲಿಗೆಯ ನಂತರವೂ ತೋಳು ಪಳಗುವುದು ಅದರಿಂದಲೇ. ಹಳ್ಳಿಯಿಂದ ದಿನಾ ಹುಬ್ಬಳ್ಳಿ, ಗದಗಿಗೆ ಓಡಾಡಬೇಕೆಂಬ ಅಂಜಿಕೆಯೂ ಬೇಡ, ಸರಿಯಾಗಿ ಕಲಿತರೆ ಬಹುಪಾಲು ಮನೆಯಲ್ಲೇ ಸಾಧ್ಯ. ಪೆಟ್ಟಿಲ್ಲದೆ ಬಂದ ನೋವಾದರೆ, ಆಪರೇಷನ್‌ಗೆ ಒಪ್ಪುವ ಮುನ್ನ ಮೂರು ತಿಂಗಳು ಈ ವಿದ್ಯೆಗೆ ಕೊಡಿ.