ಡೇವಿಡ್ ಗಿಲ್ಮರನ ಸ್ವತಂತ್ರ ಕಚೇರಿಗಳು

ಒಂದು ಮೇಳದ ಹೆಸರಿನೊಡನೆ ತನ್ನ ಹೆಸರು ಬೆಸೆದುಹೋದ ವಾದ್ಯಗಾರನು ಆ ಮೇಳದಿಂದ ಹೊರಬಂದು ತಾನೊಬ್ಬನೇ ಕಚೇರಿಗೆ ನಿಂತಾಗ, ಅವನು ನುಡಿಸುವುದು ಯಾರ ಸಂಗೀತವೆಂಬ ಪ್ರಶ್ನೆ ಏಳುತ್ತದೆ. ಹೊಸ ಕೃತಿಗಳನ್ನೇ ನುಡಿಸಿದರೆ ಸಭೆ ತಣಿಯುವುದಿಲ್ಲ. ಹಳೆಯವನ್ನೇ ನುಡಿಸಿದರೆ ಮೇಳದ ನೆರಳೆಂಬ ಮಾತು ತಪ್ಪುವುದಿಲ್ಲ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ಮೇಳದ ಗಿಟಾರ್ ವಾದಕ ಡೇವಿಡ್ ಗಿಲ್ಮರನು 1984ರಿಂದ 2024ರವರೆಗೆ ಆಗಾಗ ನಡೆಸಿದ ಸ್ವತಂತ್ರ ಕಚೇರಿಗಳು ಈ ಪ್ರಶ್ನೆಯ ವಿಚಾರಕ್ಕೆ ತಕ್ಕ ಸಾಮಗ್ರಿಯನ್ನು ಒದಗಿಸುತ್ತವೆ. ಇವನ್ನು ಮೇಳದ ಅವಶೇಷವೆಂದು ಬಗೆದು ಬದಿಗಿಡುವುದು ಸುಲಭ. ಆದರೆ ಮುದ್ರಿಕೆಗಳನ್ನು ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ಕೇಳಿದವರಿಗೆ, ಹಳೆಯ ಕೃತಿಗಳಲ್ಲಿ ಯಾವುದು ಯಾರ ಕೈಗೂ ಸಾಗಬಲ್ಲುದು, ಯಾವುದು ಸಾಗಲಾರದು ಎಂಬ ವಿವೇಚನೆಯೇ ಈ ಕಚೇರಿಗಳಲ್ಲಿ ನಡೆದಿದೆಯೆಂಬುದು ಗೋಚರವಾಗುತ್ತದೆ.

ಗಿಲ್ಮರನು ಮೇಳವನ್ನು ಸೇರಿದುದು 1968ರ ಆರಂಭದಲ್ಲಿ. ಅದರ ಮೊದಲ ನಾಯಕನಾದ ಸಿಡ್ ಬ್ಯಾರೆಟ್ಟನು ಮನಸ್ಸಿನ ಸ್ವಾಸ್ಥ್ಯ ಕೆಟ್ಟು ಹಿಂದೆ ಸರಿಯುತ್ತಿದ್ದ ಕಾಲವದು. ರಾಜರ್ ವಾಟರ್ಸ್, ಆರ್ಗನ್ ಮತ್ತು ಪಿಯಾನೊಗಳ ರಿಚರ್ಡ್ ರೈಟ್, ತಾಳವಾದ್ಯದ ನಿಕ್ ಮೇಸನ್ ಇವರು ಉಳಿದ ಮೂವರು. ಗಿಲ್ಮರನ ವಾದನ ವೇಗಕ್ಕೆ ಹೆಸರಾದುದಲ್ಲ. ಒಂದು ಸ್ವರವನ್ನು ಹಿಡಿದು, ಎಡಗೈಯಿಂದ ತಂತಿಯನ್ನು ಪಕ್ಕಕ್ಕೆ ಎಳೆದು ಮೇಲಿನ ಸ್ವರಕ್ಕೆ ಏರಿಸಿ, ಅಲ್ಲಿ ನಿಲ್ಲಿಸಿ ಕಂಪಿಸುವಂತೆ ಮಾಡುವುದೇ ಅದರ ಜೀವಾಳ. ವೀಣೆಯ ಮೆಟ್ಟಿಲಿನ ಮೇಲೆ ತಂತಿಯನ್ನೆಳೆದು ಗಮಕವನ್ನು ನುಡಿಸುವುದನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಸ್ವರಗಳ ನಡುವೆ ಬಿಡುವ ಮೌನಕ್ಕೂ ಇಲ್ಲಿ ಸ್ವರದಷ್ಟೇ ಬೆಲೆಯುಂಟು. ಇಂತಹ ವಾದನಕ್ಕೆ ಹಿಂದೆ ಹಬ್ಬಿ ನಿಲ್ಲುವ ಒಂದು ನಾದಭೂಮಿ ಬೇಕು. ಮೇಳದಲ್ಲಿ ಅದನ್ನು ಒದಗಿಸುತ್ತಿದ್ದವನು ಮುಖ್ಯವಾಗಿ ರೈಟನು. ಮುಂದಿನ ವಿಚಾರಕ್ಕೆ ಈ ಸಂಗತಿ ಆಧಾರ.

1978ರಲ್ಲಿ ಗಿಲ್ಮರನ ಮೊದಲ ಸ್ವಂತ ಮುದ್ರಿಕೆ ಹೊರಬಂದರೂ ಅದರ ಬೆನ್ನಿಗೆ ಸಂಚಾರ ನಡೆಯಲಿಲ್ಲ. 1984ರಲ್ಲಿ 'ಅಬೌಟ್ ಫೇಸ್' ಮುದ್ರಿಕೆಯ ಬಳಿಕ ನಡೆದ ಸಂಚಾರವೇ ಮೊದಲನೆಯದು. ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ನಿನಲ್ಲಿ ಚಿತ್ರೀಕರಿಸಿದ ಆ ಕಚೇರಿಯಲ್ಲಿ ಆ ಕಾಲದ ಥಳಕು ಹೆಚ್ಚು, ಧೈರ್ಯ ಕಡಮೆ. ಅದೇ ವರ್ಷ ವಾಟರ್ಸನೂ ಬೇರೆಯಾಗಿ ಕಚೇರಿಗಳಿಗೆ ಹೊರಟಿದ್ದನು, ಮೇಳ ಒಡೆಯುವುದರಲ್ಲಿತ್ತು. ಈ ಸಂಚಾರದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

ನಿಜವಾದ ಆರಂಭ 2001ರ ಜೂನ್ ತಿಂಗಳಿನದು. ಆ ವರ್ಷದ ಮೆಲ್ಟ್‌ಡೌನ್ ಉತ್ಸವಕ್ಕೆ ಗಾಯಕ ರಾಬರ್ಟ್ ವ್ಯಾಟ್ಟನು ನಿಯೋಜಕನಾಗಿದ್ದನು. ಅವನ ಆಹ್ವಾನದಂತೆ ಗಿಲ್ಮರನು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ನುಡಿಸಿದನು. ಮರುವರ್ಷದ ಜನವರಿಯಲ್ಲಿ ಅಲ್ಲಿಯೇ ಮತ್ತೆ ಕಚೇರಿಗಳು ನಡೆದುವು. ಬೃಹತ್ ಕ್ರೀಡಾಂಗಣಗಳ ದೀಪ, ಹೊಗೆ, ಹಾರುವ ಬೊಂಬೆಗಳಿಲ್ಲ. ಒಂದು ಸೆಲ್ಲೊ, ನಿಲುವಿನ ಒಂದು ದೊಡ್ಡ ಬೇಸ್, ಒಂದು ಗಾಯಕವೃಂದ. ಬ್ಯಾರೆಟ್ಟನನ್ನು ನೆನೆದು 1975ರಲ್ಲಿ ಮೇಳವು ಮುದ್ರಿಸಿದ 'ಷೈನ್ ಆನ್ ಯೂ ಕ್ರೇಜಿ ಡೈಮಂಡ್' ಎಂಬ ದೀರ್ಘ ಕೃತಿಯ ಪೀಠಿಕೆಯನ್ನು ಗಿಲ್ಮರನು ಇಲ್ಲಿ ಅಕೌಸ್ಟಿಕ್ ಗಿಟಾರಿನಲ್ಲಿ ಎತ್ತಿಕೊಂಡನು. ಸೌಧದ ಅಲಂಕಾರವೆಲ್ಲ ಕಳಚಿದ ಮೇಲೂ ಕಂಬಗಳು ನಿಂತೇ ಇದ್ದುವು. ಫ್ರೆಂಚ್ ರಚಕ ಬಿಜೇಯ ಗೀತನಾಟಕವೊಂದರ ಹಾಡನ್ನು ಫ್ರೆಂಚಿನಲ್ಲಿಯೇ ಹಾಡಿದುದೂ ಈ ಕಚೇರಿಯಲ್ಲಿಯೇ. ಮೇಳದ ಹೆಸರಿನಲ್ಲಿ ಈ ಸಲಿಗೆ ಅಸಾಧ್ಯವಾಗುತ್ತಿತ್ತು.

ಪಾಠಾಂತರದ ಪ್ರಶ್ನೆಯನ್ನು ಇಲ್ಲಿ ಎತ್ತಬಹುದು. 'ಕಂಫರ್ಟಬ್ಲಿ ನಂಬ್' ಎಂಬ ಕೃತಿ 1979ರ 'ದಿ ವಾಲ್' ಮುದ್ರಿಕೆಯದು. ಚರಣವನ್ನು ವಾಟರ್ಸನೂ ಪಲ್ಲವಿಯನ್ನು ಗಿಲ್ಮರನೂ ಹಾಡಿದ್ದಾರೆ. ಅದರ ಕೊನೆಯ ಗಿಟಾರ್ ವಾದನ ರಸಿಕರಿಗೆ ಅಕ್ಷರಶಃ ಕಂಠಪಾಠ. ಆದರೆ ಆ ವಾದನ ಒಂದೇ ಉಸಿರಿನಲ್ಲಿ ಹುಟ್ಟಿದುದಲ್ಲ. ಗಿಲ್ಮರನೇ ತಿಳಿಸಿರುವಂತೆ, ಐದಾರು ಸಲ ಬೇರೆ ಬೇರೆಯಾಗಿ ನುಡಿಸಿ, ಯಾವುದರಲ್ಲಿ ಯಾವ ತುಣುಕು ಚೆನ್ನಾಗಿದೆಯೆಂಬುದನ್ನು ಪಟ್ಟಿಮಾಡಿ, ಆ ತುಣುಕುಗಳನ್ನು ಜೋಡಿಸಿ ಸಿದ್ಧಪಡಿಸಿದ ಪಾಠವದು. ಹಲವು ಓಲೆಪ್ರತಿಗಳಿಂದ ಒಂದು ಪರಿಷ್ಕೃತ ಪ್ರತಿಯನ್ನು ಸಂಪಾದಕನು ಕಟ್ಟುವುದಕ್ಕೂ ಇದಕ್ಕೂ ಭೇದ ಅಲ್ಪ. ಇಲ್ಲಿ ಕವಿಯೂ ಸಂಪಾದಕನೂ ಒಬ್ಬನೇ ಎಂಬುದೊಂದೇ ವಿಶೇಷ. ಆದುದರಿಂದ ವೇದಿಕೆಯ ಮೇಲಣ ಪ್ರತಿಯೊಂದು ವಾದನವನ್ನೂ ಮೂಲದಿಂದ ಜಾರಿದ ಅಪಪಾಠವೆಂದು ಎಣಿಸುವುದು ಸರಿಯಲ್ಲ. ಮೊದಲ ಕೆಲವು ವಾಕ್ಯಗಳನ್ನು ಸಭೆಯ ಗುರುತಿಗೆಂದು ಯಥಾವತ್ತಾಗಿ ನುಡಿಸಿ, ಆಮೇಲೆ ಕೈ ಹೋದತ್ತ ಹೋಗುವುದು ಗಿಲ್ಮರನ ಪದ್ಧತಿ.

ಈ ಕೃತಿಯ ಚರಣವನ್ನು ಸ್ವತಂತ್ರ ಕಚೇರಿಗಳಲ್ಲಿ ಹಾಡಿದವರ ಸಾಲೂ ಗಮನಾರ್ಹ: ವ್ಯಾಟ್, ಬಾಬ್ ಗೆಲ್ಡಾಫ್, 2002ರಲ್ಲಿ ಕೇಟ್ ಬುಷ್, 2006ರ ಮೇ ತಿಂಗಳಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಡೇವಿಡ್ ಬೋವಿ, 2016ರಲ್ಲಿ ಅಲ್ಲಿಯೇ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಕಂಠ ಬದಲಾದರೂ ಕೃತಿಗೆ ಊನವಾಗಲಿಲ್ಲ. ಬೋವಿಯ ಶೀತಲವಾದ ಉಚ್ಚಾರಣೆ ವೈದ್ಯನ ಮಾತಿಗೆ ಹೆಚ್ಚು ಒಪ್ಪುತ್ತದೆಂದೂ ಹೇಳಬಹುದು. ಈ ಕೃತಿ, ಸಾರಾಂಶದಲ್ಲಿ, ಸಾಗಬಲ್ಲ ಜಾತಿಯದು.

ಸಾಗಲಾರದ ಜಾತಿಗೆ ನಿದರ್ಶನ 'ಎಕೋಸ್'. 1971ರ 'ಮೆಡ್ಲ್' ಮುದ್ರಿಕೆಯ ಒಂದು ಮಗ್ಗುಲನ್ನೆಲ್ಲ ವ್ಯಾಪಿಸಿರುವ ಈ ಕೃತಿಯ ಅವಧಿ ಸುಮಾರು ಇಪ್ಪತ್ತಮೂರೂವರೆ ನಿಮಿಷ. ಅದು ತೊಡಗುವುದು ರೈಟನ ಪಿಯಾನೊವಿನ ಒಂಟಿ ಸ್ವರದಿಂದ. ತಿರುಗುವ ಧ್ವನಿವರ್ಧಕದ ಮೂಲಕ ಹಾಯ್ದು ಬರುವ ಆ ಸ್ವರ ಗುಹೆಯೊಳಗೆ ತೊಟ್ಟಿಕ್ಕಿದ ನೀರಿನ ಹನಿಯಂತೆ ಕೇಳುತ್ತದೆ. ಚರಣಗಳಲ್ಲಿ ಗಿಲ್ಮರ್ ಮತ್ತು ರೈಟ್ ಇಬ್ಬರ ಕಂಠಗಳೂ ಒಂದನ್ನೊಂದು ಬಿಡದೆ ನಡೆಯುತ್ತವೆ. 2006ರ ಸಂಚಾರದಲ್ಲಿ ರೈಟನು ಗಿಲ್ಮರನ ಜೊತೆಗಾರನಾಗಿದ್ದನು. ಹೊಸ 'ಆನ್ ಆ್ಯನ್ ಐಲೆಂಡ್' ಮುದ್ರಿಕೆಯ ಹಾಡುಗಳು ಮುಗಿದ ಮೇಲೆ ಈ ಕೃತಿ ಸಭೆಗೆ ಬರುತ್ತಿತ್ತು. ಅದರ ಉತ್ತಮ ಪಾಠ, ಆ ವರ್ಷದ ಆಗಸ್ಟ್ 26ರಂದು ಪೋಲೆಂಡಿನ ಗ್ಡಾನ್ಸ್ಕ್ ನಗರದ ಹಡಗುಕಟ್ಟೆಯಲ್ಲಿ ನಡೆದ ಕಚೇರಿಯದು. 1980ರಲ್ಲಿ ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘ ಹುಟ್ಟಿದ ನೆಲವದು. ಕಚೇರಿ ನಡೆದುದೂ ಅದರ ವಾರ್ಷಿಕೋತ್ಸವಕ್ಕಾಗಿ. ಆ ಸಂಜೆ ಬಾಲ್ಟಿಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದವನ್ನು ಜ್ಬಿಗ್ನ್ಯೆವ್ ಪ್ರೈಸ್ನರನು ನಡೆಸಿದನು. ಆ ವೃಂದದ ವೈಭವ ಕೆಲವು ಕೃತಿಗಳಿಗೆ ಸೊಗಸು ತಂದಿದೆ, ನಿಜ. ಆದರೆ ಮನಸ್ಸಿನಲ್ಲಿ ನಿಲ್ಲುವುದು ಅದಲ್ಲ. 'ಎಕೋಸ್' ಕೃತಿಯ ಅಂತ್ಯದಲ್ಲಿ ಉಳಿದ ವಾದ್ಯಗಳೆಲ್ಲ ಮೆಲ್ಲಗೆ ಹಿಂದೆ ಸರಿಯುತ್ತವೆ. ಗಿಟಾರ್ ಒಂದು ಮಾತನ್ನಾಡುತ್ತದೆ, ರೈಟನ ಕೀಬೋರ್ಡ್ ಅದಕ್ಕೆ ಉತ್ತರಿಸುತ್ತದೆ. ಮಾತು ಚಿಕ್ಕದಾಗುತ್ತ, ಉತ್ತರ ಇನ್ನೂ ಚಿಕ್ಕದಾಗುತ್ತ, ಕೊನೆಗೆ ಇಬ್ಬರೂ ಸುಮ್ಮನಾಗುತ್ತಾರೆ. 1971ರ ಮುದ್ರಿಕೆಯಲ್ಲಿ ಇಂತಹ ಅಂತ್ಯವಿಲ್ಲ. ಇದು ಮೂವತ್ತೈದು ವರ್ಷಗಳ ಒಡನಾಟವು ಮೂಲಕ್ಕೆ ಬರೆದ ವ್ಯಾಖ್ಯಾನ.

ರೈಟನು 2008ರ ಸೆಪ್ಟೆಂಬರ್ 15ರಂದು ತೀರಿಕೊಂಡನು. ಗ್ಡಾನ್ಸ್ಕ್ ಕಚೇರಿಯ ಮುದ್ರಿಕೆ ಹೊರಬಂದುದು ಅದಾದ ಒಂದು ವಾರಕ್ಕೆ. ಆಮೇಲೆ ಗಿಲ್ಮರನು 'ಎಕೋಸ್' ಕೃತಿಯನ್ನು ಕಚೇರಿಗಳಲ್ಲಿ ಎತ್ತಿಕೊಳ್ಳಲಿಲ್ಲ. ರೈಟನೂ ತಾನೂ ಅದನ್ನು ನುಡಿಸುವ ರೀತಿಯನ್ನು ಬೇರೊಬ್ಬನು ಕಲಿತು ಒಪ್ಪಿಸಿದರೆ ಅದು ಸಂಗೀತವಾಗದೆಂಬುದು ಆತನ ನಿಲುವು. ಇದಕ್ಕೆ ಆಕ್ಷೇಪವುಂಟು. ಅದೇ ಮೇಳದ ನಿಕ್ ಮೇಸನ್ 2018ರಲ್ಲಿ ಕಟ್ಟಿದ ತನ್ನ ಮೇಳದೊಡನೆ 2022ರ ಸಂಚಾರದಲ್ಲಿ ಈ ಕೃತಿಯನ್ನು ನುಡಿಸಿದನು. ಗ್ಡಾನ್ಸ್ಕ್‌ನಲ್ಲಿ ಬೇಸ್ ನುಡಿಸಿದ ಗೈ ಪ್ರ್ಯಾಟ್ಟನೇ ಅಲ್ಲಿಯೂ ಬೇಸ್ ನುಡಿಸಿದನು. ಸಭಿಕರು ಹರ್ಷಿಸಿದರು. ಕೃತಿ ಕರ್ತೃವಿಗಿಂತ ದೊಡ್ಡದು, ಅದನ್ನು ಮೌನದಲ್ಲಿ ಹೂಳುವ ಅಧಿಕಾರ ಕರ್ತೃವಿಗೂ ಇಲ್ಲವೆಂಬ ವಾದ ಹುರುಳಿಲ್ಲದುದಲ್ಲ. ಆದರೆ ಮೇಸನ್ ಉಳಿಸಿದುದು ಕೃತಿಯ ರಚನೆಯನ್ನು; ಗಿಲ್ಮರನು ಕಾಯುತ್ತಿರುವುದು ಸಂಭಾಷಣೆಯನ್ನು. ಎರಡೂ ಒಂದೇ ಎಂದು ತಿಳಿದಾಗಲೇ ತೊಡಕು.

ಗಿಲ್ಮರನ ನಿಲುವು ಬರಿಯ ಸ್ಮಾರಕಭಕ್ತಿಯೆನ್ನುವಂತಿಲ್ಲ. ರೈಟನೇ ರಚಿಸಿದ 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ' ಕೃತಿಯನ್ನು ಆತನು 2016ರಲ್ಲಿಯೂ 2024ರಲ್ಲಿಯೂ ನುಡಿಸಿದ್ದಾನೆ. ಎರಡನೆಯ ಸಲ ಅದನ್ನು ಪಿಯಾನೊವನ್ನು ಸುತ್ತುವರಿದ ಗಾಯಕಿಯರ ಪಾಲಿಗೆ ಬಿಟ್ಟು, ಬೇರೊಂದು ರೂಪವನ್ನೇ ಕೊಟ್ಟನು. ಅದು ಏಕಮುಖವಾದ ಕೃತಿ. ಹೊಸ ಬಾಯಿ ಬಂದರೆ ಹೊಸ ಜೀವ ಬರುತ್ತದೆ.

2016ರ ಜುಲೈ 7 ಮತ್ತು 8ರಂದು ಇಟಲಿಯ ಪೊಂಪೇಯಿಯಲ್ಲಿ ಈ ವಿವೇಕಕ್ಕೆ ಕಠಿಣವಾದ ಪರೀಕ್ಷೆ ಒದಗಿತು. ಕ್ರಿ. ಶ. 79ರಲ್ಲಿ ವೆಸೂವಿಯಸ್ಸಿನ ಬೂದಿಯಲ್ಲಿ ಹೂತುಹೋದ ಊರಿನ ಆ ವೃತ್ತರಂಗದಲ್ಲಿಯೇ 1971ರ ಅಕ್ಟೋಬರಿನಲ್ಲಿ ನಾಲ್ವರೂ, ಸಭಿಕರೇ ಇಲ್ಲದೆ, ಏಡ್ರಿಯನ್ ಮೇಬನ್ನನ ಚಲಚ್ಚಿತ್ರಕ್ಕಾಗಿ ನುಡಿಸಿದ್ದರು. 'ಎಕೋಸ್' ಆ ಚಿತ್ರದ ಆದಿ ಮತ್ತು ಅಂತ್ಯ. ನಲವತ್ತೈದು ವರ್ಷಗಳ ಮೇಲೆ ಅಲ್ಲಿಗೆ ಮರಳಿದ ಗಿಲ್ಮರನ ಮುಂದೆ ಒಂದೊಂದು ರಾತ್ರಿಯೂ ಸುಮಾರು 2,600 ಮಂದಿ ನೆರೆದಿದ್ದರು. ಹಳೆಯ ಚಿತ್ರದ ಕೃತಿಗಳಲ್ಲಿ ಆತನು ನುಡಿಸಿದುದು 'ಒನ್ ಆಫ್ ದೀಸ್ ಡೇಸ್' ಒಂದನ್ನೇ. ಕಿರಣಗಳ ಪರದೆಯೂ ಬಾಣಬಿರುಸುಗಳೂ ಈ ಕಚೇರಿಯಲ್ಲಿ ಅತಿಯಾಗಿ, ಕಿವಿಯ ಕೆಲಸವನ್ನು ಕಣ್ಣು ಕಸಿದುಕೊಳ್ಳುತ್ತದೆಂಬ ದೋಷವನ್ನು ಮುಚ್ಚಿಡುವಂತಿಲ್ಲ. ಹೀಗಿದ್ದರೂ, ಎಲ್ಲರೂ ನಿರೀಕ್ಷಿಸಿದ್ದ ಕೃತಿಯನ್ನು ಅದು ಹುಟ್ಟಿ ಬೆಳೆದ ವರ್ಷದ ರಂಗಸ್ಥಳದಲ್ಲಿಯೇ ನುಡಿಸದೆ ಬಿಟ್ಟುದು ಸಾಮಾನ್ಯವಾದ ಸಂಯಮವಲ್ಲ.

2024ರ 'ಲಕ್ ಆ್ಯಂಡ್ ಸ್ಟ್ರೇಂಜ್' ಮುದ್ರಿಕೆಯ ಶೀರ್ಷಿಕೆಯ ಹಾಡಿನಲ್ಲಿ ರೈಟನ ಕೈ ಮತ್ತೆ ಕೇಳುತ್ತದೆ. 2007ರಲ್ಲಿ ಗಿಲ್ಮರನ ಮನೆಯ ಕಣಜದಲ್ಲಿ ಕೆಲವರು ಕೂಡಿ ಸುಮ್ಮನೆ ನುಡಿಸಿದುದರ ಮುದ್ರಣವಿತ್ತು; ಅದರ ಮೇಲೆಯೇ ಹಾಡನ್ನು ಕಟ್ಟಲಾಗಿದೆ. ಅದೇ ವರ್ಷದ ಶರತ್ಕಾಲದಲ್ಲಿ ರೋಮ್, ಲಂಡನ್, ಲಾಸ್ ಏಂಜಲೀಸ್, ನ್ಯೂಯಾರ್ಕ್‌ಗಳಲ್ಲಿ ನಡೆದ ಕಚೇರಿಗಳಲ್ಲಿ ಗ್ರೆಗ್ ಫಿಲಿಂಗೇನ್ಸ್ ಮತ್ತು ರಾಬ್ ಜೆಂಟ್ರಿ ಕೀಬೋರ್ಡುಗಳಿಗೆ ಕುಳಿತರು. ಇಬ್ಬರೂ ಸಮರ್ಥರು, ಹಾಡು ಕೆಡಲಿಲ್ಲ. 'ಎಕೋಸ್' ಮಾತ್ರ ಆ ಕಚೇರಿಗಳ ಪಟ್ಟಿಗೂ ಸೇರಲಿಲ್ಲ.