‘ಘಟನೆ’ಯೋ, ಕೊಲೆಯೋ?

ಕೋಸ್ತಾ ಗಾವ್ರಾಸ್ 1969ರಲ್ಲಿ ತೆಗೆದ ‘ಝಡ್’ ಚಿತ್ರ ಶುರುವಾಗುವುದು ಒಂದು ಕೃಷಿ ಭಾಷಣದಿಂದ. ದ್ರಾಕ್ಷಿಬಳ್ಳಿಗೆ ಬರುವ ಬೂಷ್ಟು ರೋಗ, ಅದಕ್ಕೆ ಹೊಡೆಯಬೇಕಾದ ಔಷಧಿ. ಅಡಿಕೆ ಕೊಳೆಗೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಸುವ ನಮ್ಮ ಮಲೆನಾಡಿನವರಿಗೆ ಇದೇನೂ ಹೊಸದಲ್ಲ. ಆಮೇಲೆ ಪೊಲೀಸ್ ಜನರಲ್ ಎದ್ದು ನಿಂತು, ವಿಚಾರಗಳಿಗೂ ಇಂಥದೇ ಬೂಷ್ಟು ಹಿಡಿಯುತ್ತದೆ, ಅದಕ್ಕೂ ಔಷಧಿ ಹೊಡೆಯಬೇಕು, ಮೊದಲ ಸಿಂಪಡಣೆ ಶಾಲೆಯಲ್ಲೇ ಆಗಬೇಕು ಎನ್ನುತ್ತಾನೆ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವಳಾದ ನನಗೆ ಆ ಮಾತಿಗೆ ಮೈ ಜುಮ್ಮೆಂದಿತು. ಮುಂದೆ ಬರುವ ದೊಣ್ಣೆ ಏಟಿಗಿಂತ ಈ ಭಾಷಣವೇ ಹೆಚ್ಚು ಭಯಂಕರ.

ಕತೆ ಕಟ್ಟುಕತೆಯಲ್ಲ. ಗ್ರಿಗೋರಿಸ್ ಲಂಬ್ರಾಕಿಸ್ ಗ್ರೀಸ್ ದೇಶದ ವೈದ್ಯ, ಕ್ರೀಡಾಪಟು, ಸಂಸತ್ ಸದಸ್ಯ. 1963ರ ಏಪ್ರಿಲ್‌ನಲ್ಲಿ ಸರ್ಕಾರ ನಿಷೇಧಿಸಿದ್ದ ಶಾಂತಿ ನಡಿಗೆಯನ್ನು ಮ್ಯಾರಥಾನ್‌ನಿಂದ ಒಬ್ಬನೇ ನಡೆದವನು. ಅದೇ ಮೇ 22ರಂದು ಥೆಸಲೋನಿಕಿಯಲ್ಲಿ ಯುದ್ಧವಿರೋಧಿ ಸಭೆ ಮುಗಿಸಿ ಹೊರಬಂದಾಗ, ಪೊಲೀಸರು ನೋಡುತ್ತಿದ್ದಂತೆಯೇ ಮೂರು ಗಾಲಿಯ ಗಾಡಿಯೊಂದು ನುಗ್ಗಿತು. ಅದರಲ್ಲಿದ್ದವನು ತಲೆಗೆ ದೊಣ್ಣೆಯಿಂದ ಹೊಡೆದ. ಐದು ದಿನಗಳ ಮೇಲೆ ಲಂಬ್ರಾಕಿಸ್ ತೀರಿಕೊಂಡರು. ಕುಡಿದವರ ಅಪಘಾತ ಎಂದು ಮುಚ್ಚಿಹಾಕಲು ನೋಡಿದ್ದನ್ನು ಕ್ರಿಸ್ತೋಸ್ ಸಾರ್ಟ್‌ಝೆಟಾಕಿಸ್ ಎಂಬ ಯುವ ತನಿಖಾ ನ್ಯಾಯಾಧೀಶ ಒಪ್ಪಲಿಲ್ಲ. ದೊಣ್ಣೆ ಹಿಡಿದವರ ಹಿಂದಿನ ಬಲಪಂಥೀಯ ಗುಂಪು, ಗುಂಪಿನ ಹಿಂದಿನ ಪೊಲೀಸ್ ಅಧಿಕಾರಿಗಳು, ಎಲ್ಲರನ್ನೂ ಕಡತಕ್ಕೆ ತಂದ. ವಾಸಿಲಿಸ್ ವಾಸಿಲಿಕೋಸ್ ಇದನ್ನು ಕಾದಂಬರಿಯಾಗಿಸಿದರು. ಚಿತ್ರ ಅದನ್ನು ಆಧರಿಸಿದ್ದು. ಆ ಹೊತ್ತಿಗೆ ಗ್ರೀಸಿನಲ್ಲಿ ಸೇನಾ ಸರ್ವಾಧಿಕಾರವಿದ್ದುದರಿಂದ ಚಿತ್ರೀಕರಣ ನಡೆದದ್ದು ಅಲ್ಜೀರಿಯಾದಲ್ಲಿ.

ಈ ಚಿತ್ರವನ್ನು ಹೊಗಳುವವರು ಸಾಮಾನ್ಯವಾಗಿ ಅದರ ಓಟವನ್ನು ಹೊಗಳುತ್ತಾರೆ. ಸಂಕಲನಕ್ಕೆ ಆಸ್ಕರ್ ಬಂದದ್ದೂ ನಿಜ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಒಂದು ಪದ. ಟ್ರಿಂಟಿನ್ಯಾನ್ ನಟಿಸಿದ ನ್ಯಾಯಾಧೀಶ ಯಾರಾದರೂ ‘ಕೊಲೆ’ ಎಂದರೆ ‘ಘಟನೆ’ ಎನ್ನಿ ಎಂದು ತಿದ್ದುತ್ತಾನೆ. ಅದು ಪುಕ್ಕಲುತನವಲ್ಲ, ಸಾಕ್ಷ್ಯ ಸಿಗುವವರೆಗೆ ನಾಲಿಗೆ ಹಿಡಿದುಕೊಳ್ಳುವ ಶಿಸ್ತು. ಕಡೆಗೆ ಅವನ ಬಾಯಿಂದಲೇ ‘ಕೊಲೆ’ ಎಂಬ ಪದ ಬಂದಾಗ ಕೋಣೆಯ ಗಾಳಿಯೇ ಬದಲಾಗುತ್ತದೆ. ವ್ಯಾಕರಣ ಕಲಿಸುವವಳಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಅಧಿಕಾರದಲ್ಲಿರುವವರ ಅಪರಾಧ ಮೊದಲು ಅಡಗುವುದು ಪದಗಳಲ್ಲಿ. ಅದನ್ನು ಹೊರಗೆಳೆಯುವ ಕೆಲಸವೂ ಪದದಿಂದಲೇ ಶುರುವಾಗಬೇಕು.

ಇನ್ನು ನನ್ನ ತಕರಾರು. ಜನರಲ್‌ಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿ ಆರೋಪ ಹೊರಿಸುವ ದೃಶ್ಯವನ್ನು ನಿರ್ದೇಶಕರು ನಗೆನಾಟಕದಂತೆ ಮಾಡಿದ್ದಾರೆ. ಪದಕ ತೊಟ್ಟವರು ಬೀಗ ಹಾಕಿದ ಬಾಗಿಲು ಜಗ್ಗುವುದನ್ನು ನೋಡಿ ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಮೊಕದ್ದಮೆ ನಿಂತಿರುವುದು ನ್ಯಾಯಾಧೀಶನ ಧೈರ್ಯದ ಮೇಲಷ್ಟೇ ಅಲ್ಲ, ಶವಪೆಟ್ಟಿಗೆಗೆ ವಾರ್ನಿಶ್ ಬಳಿಯುವ ಬಡವನ ಸಾಕ್ಷಿಯ ಮೇಲೆ. ಹೇಳಿಕೆ ಕೊಡಲು ಹೊರಟ ಅವನ ತಲೆ ಒಡೆಯುತ್ತದೆ. ನಿನಗೇಕೆ ಊರ ಉಸಾಬರಿ ಎಂದು ಮನೆಯವರೇ ಜರೆಯುತ್ತಾರೆ. ಹೊಡೆದವನೂ ಬಡವನೇ, ಅವನ ಗಾಡಿ, ಅವನ ಅನ್ನ ಪೊಲೀಸರ ಮುಷ್ಟಿಯಲ್ಲಿ. ಬಡವನಿಂದ ಬಡವನನ್ನು ಹೊಡೆಸುವ ಈ ಏರ್ಪಾಡನ್ನು ಚಿತ್ರ ತೋರಿಸುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಹೆಂಡತಿಯಾಗಿ ಐರಿನ್ ಪಾಪಾಸ್‌ಗೆ ಸಿಕ್ಕಿರುವುದು ಬರೀ ಮೌನ. ಅಧಿಕಾರಿಗಳ ಮೇಲೆ ಆರೋಪ ಬಂತೆಂದು ಗೆಳೆಯ ಓಡಿಬಂದು ಹೇಳಿದರೆ ಆಕೆಯ ಮುಖದಲ್ಲಿ ಗೆಲುವಿಲ್ಲ. ಆಕೆಗೆ ತಿಳಿದದ್ದು ನಮಗೆ ಕೊನೆಯ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಅಷ್ಟು ಬಲ್ಲವಳಿಗೆ ಎರಡು ಮಾತಾದರೂ ಕೊಡಬಾರದಿತ್ತೆ?

ನಮ್ಮಲ್ಲಿ ದಿಬಾಕರ್ ಬ್ಯಾನರ್ಜಿ 2012ರಲ್ಲಿ ಇದೇ ಕಾದಂಬರಿಯನ್ನು ‘ಶಾಂಘಾಯ್’ ಎಂದು ಹಿಂದಿಗೆ ತಂದರು. ಅಲ್ಲಿ ನ್ಯಾಯಾಧೀಶನ ಜಾಗದಲ್ಲಿ ಐಎಎಸ್ ಅಧಿಕಾರಿ. ಅವನು ಗೆಲ್ಲುವುದು ಕಾನೂನಿನಿಂದಲ್ಲ, ಸಾಕ್ಷ್ಯವಿಟ್ಟುಕೊಂಡು ಮೇಲಿನವನನ್ನು ಹೆದರಿಸಿ. ಸತ್ತವನ ಹೆಂಡತಿ ಕಡೆಗೆ ಚುನಾವಣೆಯ ಪೋಸ್ಟರ್ ಆಗುತ್ತಾಳೆ. ಈ ಬದಲಾವಣೆಯಿಂದ ಕತೆ ಕೆಟ್ಟಿತೆಂದರೆ ನಾನು ಒಪ್ಪುವುದಿಲ್ಲ. ಕರ್ತವ್ಯದ ಹೆಸರಿನಲ್ಲಿ ಮಾಡಿದ್ದಕ್ಕೆ ಸರ್ಕಾರಿ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ನಮ್ಮಲ್ಲಿ ಸರ್ಕಾರದ್ದೇ ಅನುಮತಿ ಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 197ನೇ ಕಲಮು ಹಾಗೆನ್ನುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮೂ ಹಾಗೆಯೇ ಅನ್ನುತ್ತದೆ, 120 ದಿನಗಳ ಗಡುವು ಸೇರಿಸಿದೆ ಅಷ್ಟೆ. ಮನೆಯ ಯಜಮಾನನನ್ನೇ ಕೇಳಿ ಮನೆಯ ಕಳ್ಳನನ್ನು ಹಿಡಿಯಬೇಕಾದಲ್ಲಿ ನ್ಯಾಯ ಚೌಕಾಶಿಯಾಗುವುದು ಸಹಜ. ‘ಶಾಂಘಾಯ್’ ಸುಳ್ಳು ಹೇಳಲಿಲ್ಲ.

ಗ್ರೀಸಿನಲ್ಲೇನಾಯಿತು? 1966ರ ವಿಚಾರಣೆಯಲ್ಲಿ ದಾಳಿ ಮಾಡಿದ ಇಬ್ಬರಿಗೆ ಜೈಲು, ಅಧಿಕಾರಿಗಳಿಗೆ ಬಿಡುಗಡೆ. 1967ರ ಏಪ್ರಿಲ್‌ನಲ್ಲಿ ಸೇನೆಯೇ ಅಧಿಕಾರ ಹಿಡಿಯಿತು. ಸಾರ್ಟ್‌ಝೆಟಾಕಿಸ್ ಅವರನ್ನು 1968ರಲ್ಲಿ ಕೆಲಸದಿಂದ ತೆಗೆದರು, ಆಮೇಲೆ ಸೆರೆಗೂ ಹಾಕಿದರು. ಸೋಫೋಕ್ಲಿಸ್‌ನಿಂದ ಗಿಡ್ಡ ಲಂಗದವರೆಗೆ ನಿಷೇಧವಾದವುಗಳ ಪಟ್ಟಿ ಓದಿ ಚಿತ್ರ ಮುಗಿಯುತ್ತದೆ. ಅಷ್ಟೆಲ್ಲ ಮಾಡಿ ಏನು ಬಂತು ಎಂಬ ಭಾವ ನೋಡುವವರಲ್ಲಿ ಉಳಿಯುತ್ತದೆ.

ನನಗೆ ಆ ಭಾವ ಸಾಲದು. ಚಿತ್ರ 1969ಕ್ಕೆ ನಿಂತಿತು, ಕಾಲ ನಿಲ್ಲಲಿಲ್ಲ. 1974ರಲ್ಲಿ ಸರ್ವಾಧಿಕಾರ ಬಿತ್ತು. ಮರುವರ್ಷವೇ ಏಥೆನ್ಸಿನಲ್ಲಿ ಚಿತ್ರಹಿಂಸೆ ಕೊಟ್ಟ ಸೇನಾ ಪೊಲೀಸರ ವಿಚಾರಣೆ ನಡೆದು ಹಲವರಿಗೆ ಶಿಕ್ಷೆಯಾಯಿತು. 1985ರಲ್ಲಿ ಅದೇ ಸಾರ್ಟ್‌ಝೆಟಾಕಿಸ್ ದೇಶದ ಅಧ್ಯಕ್ಷರಾದರು. ಲಂಬ್ರಾಕಿಸ್ ಮೊಕದ್ದಮೆಯಿಂದಲೇ ಇದೆಲ್ಲ ಆಯಿತೆಂದು ನಾನು ಹೇಳಲಾರೆ. ಆದರೆ ಬಿಡುಗಡೆಯಾದ ಅಧಿಕಾರಿಗಳನ್ನು ನಿರಪರಾಧಿಗಳೆಂದು ಯಾರೂ ನೆನೆಯುವುದಿಲ್ಲ. ಸೋತ ಮೊಕದ್ದಮೆಯೂ ಒಂದು ಕೆಲಸ ಮಾಡಿರುತ್ತದೆ: ‘ಘಟನೆ’ ಎಂಬಲ್ಲಿ ‘ಕೊಲೆ’ ಎಂದು ಬೆರಳಚ್ಚು ಮಾಡಿಟ್ಟಿರುತ್ತದೆ. ತೀರ್ಪು ಬದಲಾಯಿಸಬಹುದು, ಆ ಪದವನ್ನು ಮತ್ತೆ ತಿದ್ದುವುದು ಕಷ್ಟ.